ದಿನಾ ಓಡಿಸೋ ಕಾರಿನ ತೂಕ ಇಳಿಸೋದು: ಎಲ್ಲಿಂದ ಶುರು ಮಾಡೋಣ, ಎಲ್ಲಿ ನಿಲ್ಸೋಣ?

ಹಡಪ್ಸರ್ ಗಾಡಿ:

ನಮಸ್ಕಾರ್ರಿ ಎಲ್ಲಾರಿಗೂ. ಗಾಡಿ 2019ರ ಸ್ವಿಫ್ಟ್ ವಿಎಕ್ಸ್‌ಐ, ಪೆಟ್ರೋಲ್, ಮ್ಯಾನ್ಯುವಲ್. ವಾರದಾಗ ಐದು ದಿನ ಪುಣೆದಾಗ ಹಡಪ್ಸರ್–ಹಿಂಜೆವಾಡಿ, ಹೋಗಿ ಬರೋದು ಸೇರಿ ಸುಮಾರು 50 ಕಿ.ಮೀ. ತಿಂಗಳಿಗೊಮ್ಮೆ ಸೊಲ್ಲಾಪುರದ ಮ್ಯಾಲೆ ಹಾದು ವಿಜಯಪುರ. ಗಾಡಿ ಭಾರ ಅನಿಸಾಕತ್ತದ, 100 ಕೆ.ಜಿ. ಇಳಿಸಬೇಕಂತ ವಿಚಾರ.

ನನ್ನ ಪಟ್ಟಿ: ಹಿಂದಿನ ಸೀಟು ತಗಿಯೋದು, ಸ್ಟೆಪ್ನಿ ತಗಿಯೋದು, ಫೈಬರ್ ಬಾನೆಟ್, ಲಿಥಿಯಂ ಬ್ಯಾಟರಿ, 16 ಇಂಚಿನ ಅಲಾಯ್. ಈಗ ಗಾಡಿದಾಗ ಹೊರಗಿಂದ ಹಾಕ್ಸಿದ್ದು: 12 ಇಂಚಿನ ವೂಫರ್ ಪೆಟ್ಟಿಗಿ, ಆಂಪ್ಲಿಫಯರ್, ನಾಲ್ಕೂ ಬಾಗಿಲಿಗೆ ಮತ್ತ ಫ್ಲೋರಿಗೆ ಸದ್ದು ತಡಿಯೋ ಡ್ಯಾಂಪಿಂಗ್ ಶೀಟು, 7ಡಿ ಮ್ಯಾಟು, ಲೆದರ್ ಸೀಟ್ ಕವರು, ಮುಂದ ಒಂದು ಸ್ಟೀಲ್ ಗಾರ್ಡು. ಯಾವ್ದು ಮೊದ್ಲು ಮಾಡ್ಲಿ?

ಪಿಂಪ್ರಿ ಪಿಸ್ಟನ್:

ಮೊದಲು ಕಾಟಾ ಹತ್ತಿಸಿ. ತೂಗದೆ ತೂಕ ಇಳಿಸೋಕೆ ಹೊರಟರೆ ಕೊನೆಗೆ ಎಷ್ಟು ಇಳೀತು ಅಂತ ಯಾರಿಗೂ ಗೊತ್ತಾಗಲ್ಲ.

ಭೋಸರಿ, ಚಾಕಣ್ ಕಡೆ ಲಾರಿ ತೂಗೋ ಕಾಟಾ ಬೇಕಾದಷ್ಟಿವೆ. ದುಡ್ಡು ಕೊಡೋ ಮೊದಲು ಎಷ್ಟು ಕೆ.ಜಿ. ಹೆಜ್ಜೆಯಲ್ಲಿ ತೋರಿಸುತ್ತೆ ಅಂತ ಕೇಳಿ. ಕೆಲವು 5, ಕೆಲವು 10, ದೊಡ್ಡ ಕಾಟಾಗಳು 20ರ ಹೆಜ್ಜೆ. 20ರದ್ದು ನಿಮಗೆ ಉಪಯೋಗವಿಲ್ಲ. ಟ್ಯಾಂಕ್ ತುಂಬಿಸಿ, ಪಂಪಿನ ನಳಿಗೆ ಮೊದಲ ಸಲ ತಾನಾಗಿ ಕಟ್ ಆದಲ್ಲಿಗೆ ನಿಲ್ಲಿಸಿ. ಆಮೇಲೆ ಹೋಗಿ ಮೂರು ಸಲ ತೂಗಿಸಿ: ಇಡೀ ಗಾಡಿ, ಮುಂದಿನ ಎರಡು ಚಕ್ರ ಮಾತ್ರ, ಹಿಂದಿನ ಎರಡು ಮಾತ್ರ. ನೀವು ಗಾಡಿಯಿಂದ ಇಳಿದು ನಿಲ್ಲಬೇಕು. ಹ್ಯಾಂಡ್‌ಬ್ರೇಕ್ ಎಳೀಬೇಡಿ, ನ್ಯೂಟ್ರಲ್‌ನಲ್ಲಿ ಬಿಡಿ, ಬೇಕಿದ್ದರೆ ಚಕ್ರಕ್ಕೊಂದು ಕಲ್ಲು. ಮುಂದಿನದೂ ಹಿಂದಿನದೂ ಕೂಡಿಸಿದರೆ ಇಡೀ ಗಾಡಿಯ ಅಂಕಿಗೆ ಹತ್ತಿರ ಬರಬೇಕು. ಬರದಿದ್ದರೆ ಕಾಟಾ ಇಳಿಜಾರಾಗಿದೆ ಅಂತ ಅರ್ಥ, ಬೇರೆ ಕಡೆ ಹೋಗಿ.

ಆರ್‌ಸಿಯಲ್ಲಿ ಖಾಲಿ ತೂಕ ಬರೆದಿರುತ್ತೆ, ನಿಮ್ಮ ಗಾಡಿಗೆ 860ರ ಆಸುಪಾಸು. ಕಾಟಾ ಏನು ಹೇಳುತ್ತೋ ಅದಕ್ಕೂ ಇದಕ್ಕೂ ಇರೋ ಅಂತರವೇ ನೀವು ಹೊತ್ತುಕೊಂಡು ತಿರುಗ್ತಿರೋ ಸಾಮಾನು. ಬಿಚ್ಚಿದ ಬಿಡಿಭಾಗಗಳನ್ನ ಮಾತ್ರ ಲಾರಿ ಕಾಟಾದಲ್ಲಿ ತೂಗಬೇಡಿ. ಕೊಕ್ಕೆ ಇರೋ ಡಿಜಿಟಲ್ ತಕ್ಕಡಿ ಸಾಕು, 50 ಕೆ.ಜಿ.ವರೆಗೆ ತೂಗುತ್ತೆ.

ಕುರ್ಲಾ ಸ್ಪ್ಯಾನರ್:

ಮಾರಾಯ್ರೆ, ಕಂಪನಿ ಹಾಕಿದ್ದನ್ನು ಬಿಚ್ಚಲು ಹೊರಟಿದ್ದೀರಿ, ನೀವು ಹಾಕಿದ್ದನ್ನು ಪಟ್ಟಿಯಲ್ಲೇ ಸೇರಿಸಲಿಲ್ಲ! ಕೆಳಗಿನ ಅಂಕಿಗಳು ಅಂದಾಜು, ಸರಕಿನ ಮೇಲೆ ಒಂದೆರಡು ಕೆ.ಜಿ. ಆಚೀಚೆ ಆಗ್ತದೆ.

12 ಇಂಚಿನ ವೂಫರ್, 18 ಮಿ.ಮೀ. ಎಂಡಿಎಫ್ ಹಲಗೆಯ ಪೆಟ್ಟಿಗೆ ಸೇರಿ 15ರಿಂದ 20 ಕೆ.ಜಿ. ಆಂಪ್ಲಿಫಯರ್ ಮತ್ತು ಅದರ ದಪ್ಪ ವಯರು 4–5. ಸ್ಟೀಲ್ ಗಾರ್ಡ್ 12ರಿಂದ 20. 7ಡಿ ಮ್ಯಾಟು ಪೂರಾ ಸೆಟ್ಟು ಆರೇಳು. ಸೀಟ್ ಕವರು ನಾಲ್ಕೈದು. ಡ್ಯಾಂಪಿಂಗ್ ಶೀಟು 2 ಮಿ.ಮೀ. ದಪ್ಪದ ಬ್ಯುಟೈಲ್ ರಬ್ಬರ್ ಆದರೆ ಚದರ ಮೀಟರಿಗೆ 3 ಕೆ.ಜಿ.ಗಿಂತ ಮೇಲೆ. ನಾಲ್ಕು ಬಾಗಿಲು, ಫ್ಲೋರು ಸೇರಿ ಏಳೆಂಟು ಚದರ ಮೀಟರ್ ಅಂಟಿಸಿದ್ದರೆ ಅದೊಂದೇ 25 ಕೆ.ಜಿ. ಈಗ ಕೂಡಿಸಿ ನೋಡಿ, 70 ಕೆ.ಜಿ. ಮೀರ್ತದೆ. ಕಂಪನಿಯ ಒಂದು ಬೋಲ್ಟನ್ನೂ ಮುಟ್ಟದೆ.

ಗಾರ್ಡ್ ಇವತ್ತೇ ಬಿಚ್ಚಿ. 2017ರ ಡಿಸೆಂಬರಿನಲ್ಲೇ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಅದನ್ನು ತೆಗೆಸಬೇಕೆಂದು ರಾಜ್ಯಗಳಿಗೆ ಬರೆದಿದೆ. ಅದು ನೇರ ಚಾಸಿಗೆ ಬೋಲ್ಟಾಗಿರ್ತದೆ. ಬಂಪರಿನ ಹಿಂದಿನ ಭಾಗ ಕುಗ್ಗಿ ಪೆಟ್ಟನ್ನು ನುಂಗಬೇಕಾದಲ್ಲಿ ಗಾರ್ಡು ಪೆಟ್ಟನ್ನು ಸೀದಾ ಚಾಸಿಗೆ ದಾಟಿಸ್ತದೆ, ಏರ್‌ಬ್ಯಾಗ್ ಸೆನ್ಸರಿನ ಲೆಕ್ಕವೂ ತಪ್ಪಬಹುದು. ಬಿಚ್ಚಿದ ಮೇಲೆ ಚಾಸಿಯಲ್ಲಿ ಉಳಿದ ತೂತುಗಳಿಗೆ ಝಿಂಕ್ ಪ್ರೈಮರ್ ಹೊಡೆದು ರಬ್ಬರ್ ಬುಷ್ ಹಾಕಿ. ಇಲ್ಲದಿದ್ದರೆ ಎರಡು ಮಳೆಗಾಲದಲ್ಲಿ ತುಕ್ಕು.

ಆಂಪ್ಲಿಫಯರ್ ಬಿಚ್ಚುವಾಗ ವಯರನ್ನು ಬ್ಯಾಟರಿ ಕಡೆಯಿಂದ ಬಿಚ್ಚಬೇಕು, ಡಿಕ್ಕಿ ಕಡೆಯಿಂದ ಅಲ್ಲ. ಆಂಪ್ಲಿಫಯರ್ ತೆಗೆದು ವಯರಿನ ತುದಿಗೆ ಟೇಪ್ ಸುತ್ತಿ ಕಾರ್ಪೆಟ್ ಅಡಿಗೆ ತುರುಕಿ ಕಳಿಸುವ ಅಂಗಡಿಗಳು ಬೇಕಾದಷ್ಟು ಉಂಟು. ಅದು ಕರೆಂಟ್ ಇರುವ ವಯರು, ಬಾಗಿಲ ಹೊಸ್ತಿಲಿನ ತಗಡಿಗೆ ಉಜ್ಜಿ ಉಜ್ಜಿ ಒಂದು ದಿನ ಶಾರ್ಟ್ ಆಗ್ತದೆ. ಬಾಸ್ ಬೇಕೇ ಬೇಕೆಂದರೆ ಸೀಟಿನ ಅಡಿ ಕೂರುವ ಚಪ್ಪಟೆ ವೂಫರ್ ಹಾಕಿ, 4–5 ಕೆ.ಜಿ.ಯಲ್ಲಿ ಮುಗೀತದೆ.

ಡ್ಯಾಂಪಿಂಗ್ ಶೀಟು ಪೂರ್ತಿ ಕೀಳಬೇಡಿ. ತಗಡಿನ ಕಾಲು ಭಾಗ ಮುಚ್ಚಿದರೆ ಸಾಕು, ಕಂಪನ ಹೆಚ್ಚಿನಂಶ ಸಾಯ್ತದೆ. ಉಳಿದ ಮುಕ್ಕಾಲು ಭಾಗ ಅಂಗಡಿಯವನ ಲಾಭಕ್ಕೆ. ಬಾಗಿಲಿನ ಹೊರತಗಡಿನ ನಡುವೆ ಒಂದು ಅಗಲ ಪಟ್ಟಿ ಉಳಿಸಿ, ಫ್ಲೋರಿನಲ್ಲಿ ಕಾಲಿಡುವ ಜಾಗದ ಚಪ್ಪಟೆ ಭಾಗದ್ದು ಉಳಿಸಿ, ಮಿಕ್ಕದ್ದು ತೆಗೀರಿ. ಹೀಟ್ ಗನ್ ಸಣ್ಣ ಉರಿಯಲ್ಲಿಟ್ಟು ಶೀಟು ಮೆತ್ತಗಾಗುವವರೆಗೆ ಬಿಸಿ ಮಾಡಿ, ಪ್ಲಾಸ್ಟಿಕ್ ಕರಣೆಯಿಂದ ಎಬ್ಬಿಸಿ. ಜಾಸ್ತಿ ಬಿಸಿಯಾದರೆ ಹೊರಗಿನ ಬಣ್ಣ ಗುಳ್ಳೆ ಏಳ್ತದೆ, ಆದ್ದರಿಂದ ಇನ್ನೊಂದು ಕೈ ತಗಡಿನ ಹೊರಗಡೆ ಇರಲಿ. ಕೈಗೆ ತಡೆಯದಷ್ಟು ಬಿಸಿಯಾದರೆ ನಿಲ್ಲಿಸಿ. ಉಳಿದ ಅಂಟಿಗೆ ಟರ್ಪೆಂಟೈನ್, ಹೀಟ್ ಗನ್ ಆರಿಸಿ ದೂರ ಇಟ್ಟ ಮೇಲೆ. ಬಾಗಿಲ ಒಳಗಿನ ಪ್ಲಾಸ್ಟಿಕ್ ಹಾಳೆಯನ್ನು ಹೊಸ ಬ್ಯುಟೈಲ್ ಟೇಪಿನಿಂದ ಸುತ್ತಲೂ ಒತ್ತಿ ಕೂರಿಸಲೇಬೇಕು. ಆ ಹಾಳೆ ಸಡಿಲ ಬಿಟ್ಟರೆ ಮಳೆ ನೀರು ಗಾಜಿನ ಪಕ್ಕದಿಂದ ಇಳಿದು ಸೀದಾ ಕಾರ್ಪೆಟ್ಟಿಗೆ.

ಲೆಕ್ಕದ ಮೇಷ್ಟ್ರು:

100 ಕೆ.ಜಿ. ಅಂತ ಗುರಿ ಇಟ್ಟುಕೊಳ್ಳೋ ಮೊದಲು 50 ಕೆ.ಜಿ. ಇಳಿಸಿದರೆ ಏನು ಸಿಗುತ್ತೆ ನೋಡೋಣ. ಎಂಜಿನ್ ಪೆಟ್ರೋಲಿನ ಶಕ್ತಿಯಲ್ಲಿ ಕಾಲು ಭಾಗವನ್ನ ಚಕ್ರಕ್ಕೆ ಮುಟ್ಟಿಸುತ್ತೆ ಅಂತಿಟ್ಟುಕೊಳ್ಳಿ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೌಲ್, ಚಕ್ರಕ್ಕೆ ಸಿಗೋದು 8.

ಸಿಗ್ನಲ್‌ನಲ್ಲಿ ನಿಂತು 40 ಕಿ.ಮೀ. ವೇಗಕ್ಕೆ ಹೋಗೋಕೆ ಆ 50 ಕೆ.ಜಿ.ಗೆ ಬೇಕಾದ ಶಕ್ತಿ 3.1 ಕಿಲೋಜೌಲ್. ಮತ್ತೆ ಬ್ರೇಕ್ ಒತ್ತಿದಾಗ ಅದಷ್ಟೂ ಬಿಸಿಯಾಗಿ ಹೋಗುತ್ತೆ. ಪುಣೆಯ ಟ್ರಾಫಿಕ್ಕಿನಲ್ಲಿ ಕಿಲೋಮೀಟರಿಗೆ ಮೂರು ಸಲ ಹೀಗಾದರೆ 100 ಕಿ.ಮೀ.ಗೆ 300 ಸಲ, 0.93 ಮೆಗಾಜೌಲ್, ಅಂದರೆ 116 ಮಿ.ಲೀ. ಟೈರ್ ಉರುಳೋ ಘರ್ಷಣೆಗೆ, ಗುಣಾಂಕ 0.012 ಹಿಡಿದರೆ, 100 ಕಿ.ಮೀ.ಗೆ ಇನ್ನೊಂದು 73 ಮಿ.ಲೀ. ಎರಡೂ ಸೇರಿ 190 ಮಿ.ಲೀ. ತಿಂಗಳಿಗೆ 1,100 ಕಿ.ಮೀ. ಓಡಿಸಿದರೆ ಎರಡು ಲೀಟರಿಗೆ ತುಸು ಮೇಲೆ ಉಳಿಯುತ್ತೆ. ಲೀಟರಿಗೆ ನೂರರ ಲೆಕ್ಕ ಹಿಡಿದರೆ ಇನ್ನೂರು ಚಿಲ್ಲರೆ ರೂಪಾಯಿ.

ಘಾಟ್‌ನಲ್ಲಿ ತೂಕ ಬಹಳ ಪೆಟ್ರೋಲ್ ಕುಡಿಯುತ್ತೆ ಅನ್ನೋ ನಂಬಿಕೆ ಇದೆಯಲ್ಲ, ಅದನ್ನೂ ನೋಡಿಬಿಡೋಣ. ಖೋಪೋಲಿಯಿಂದ ಲೋಣಾವಳಕ್ಕೆ ಏರು ಸುಮಾರು 550 ಮೀಟರ್. 50 ಕೆ.ಜಿ.ಯನ್ನ ಅಷ್ಟು ಎತ್ತರಕ್ಕೆ ಎತ್ತೋಕೆ 270 ಕಿಲೋಜೌಲ್, ಅಂದರೆ 34 ಮಿ.ಲೀ. ಪೆಟ್ರೋಲ್. ಅರ್ಧ ಕಪ್ಪು ಕಟಿಂಗ್ ಚಹಾದಷ್ಟು! ಹಾಗಾಗಿ ತೂಕ ತಿನ್ನೋದು ಘಾಟಲ್ಲ, ಮಗರಪಟ್ಟಾ ಸಿಗ್ನಲ್ಲು.

ಓಟದಲ್ಲಿ ಸಿಗೋ ಲಾಭ ಇದಕ್ಕಿಂತ ಕಣ್ಣಿಗೆ ಕಾಣುತ್ತೆ. ಚಾಲಕ ಸೇರಿ 1,000 ಕೆ.ಜಿ. ಇದ್ದದ್ದು 950 ಆದರೆ ಅದೇ ಎಂಜಿನ್ನಿಗೆ ಹೊರೆ 5% ಕಡಿಮೆ. ಎರಡನೇ ಗೇರಲ್ಲಿ ಓವರ್‌ಟೇಕ್ ಮಾಡುವಾಗ ಕಾಲಿಗೆ ಗೊತ್ತಾಗುತ್ತೆ, ಬ್ರೇಕ್ ಪ್ಯಾಡು ಮತ್ತು ಕ್ಲಚ್ಚಿಗೂ ಒಳ್ಳೇದು. ಆದರೆ ಇಪ್ಪತ್ತು ಸಾವಿರ ಕೊಟ್ಟು ಹತ್ತು ಕೆ.ಜಿ. ಇಳಿಸಿದರೆ ಆ ದುಡ್ಡು ಪೆಟ್ರೋಲಿನಲ್ಲಿ ವಾಪಸ್ ಬರೋದಕ್ಕೆ ಗಾಡಿಯ ಆಯುಷ್ಯ ಸಾಲದು.

ಹಡಪ್ಸರ್ ಗಾಡಿ:

ಗಾರ್ಡು, ವೂಫರು ಹೊಂಟ್ವು ಅಂತ ತಿಳೀರಿ. ಖರೇನ ಪಟ್ಟಿದಾಗ ಬರೀಲಿಲ್ಲ ನೋಡ್ರಿ ಅವನ್ನ! ಆದ್ರ ಅಲಾಯ್ ಮಾತು ಬ್ಯಾರೆ ಅಲ್ಲೇನ್ರಿ? ತಿರುಗೋ ಭಾಗದಾಗ 1 ಕೆ.ಜಿ. ಇಳಿಸಿದ್ರ 8 ಕೆ.ಜಿ. ಇಳಿಸಿದಂಗ ಅಂತ ಎಲ್ಲಾ ಕಡಿ ಹೇಳ್ತಾರ. ಮೇಷ್ಟ್ರು ಅದಕ್ಕೇನಂತಾರ?

ಲೆಕ್ಕದ ಮೇಷ್ಟ್ರು:

ಎರಡರಷ್ಟು ದಾಟೋದಿಲ್ಲ. ಚಕ್ರ ಮುಂದಕ್ಕೂ ಹೋಗಬೇಕು, ತಿರುಗಲೂಬೇಕು, ಎರಡಕ್ಕೂ ಶಕ್ತಿ ಬೇಕು ನಿಜ. ಆದರೆ ಟೈರಿನ ತುತ್ತತುದಿಯಲ್ಲಿ, ನೆಲ ಮುಟ್ಟೋ ಮೇಲ್ಮೈಯಲ್ಲೇ ಕೂತ ತೂಕಕ್ಕೂ ಗಣಿತ ಕೊಡೋದು ಎರಡು ಪಟ್ಟು ಅಷ್ಟೆ. ರಿಮ್ ಒಳಗಡೆ ಇರೋದರಿಂದ ಅದಕ್ಕೆ ಸುಮಾರು 1.3, ಟೈರಿಗೆ 1.8–1.9. ಎಂಟರ ಅಂಕಿ ಹೇಳಿದವರು ರಿಮ್ ಮಾರೋರೇ ಇರಬೇಕು.

ಪಿಂಪ್ರಿ ಪಿಸ್ಟನ್:

ಅದೇ ಲೆಕ್ಕ ನಿಮ್ಮ ಅಲಾಯ್‌ಗೆ ಹಾಕಿ, ಉಲ್ಟಾ ಹೊಡೆಯುತ್ತೆ. ಈಗಿರೋದು 165/80 ಆರ್14 ಅಳತೆಯ ಟೈರು, 14 ಇಂಚಿನ ಕಬ್ಬಿಣದ ರಿಮ್. ರಿಮ್ ಆರೂಚಿಲ್ಲರೆ, ಟೈರ್ ಏಳರ ಹತ್ತಿರ, ಒಟ್ಟು 13 ಕೆ.ಜಿ. ಮಾರ್ಕೆಟ್ಟಿನಲ್ಲಿ ಸಿಗೋ ಸಾಮಾನ್ಯ 16 ಇಂಚಿನ ಎರಕದ ಅಲಾಯ್, 7 ಇಂಚು ಅಗಲದ್ದು, 9ರ ಆಸುಪಾಸು. ಮೇಲೆ 195/55 ಆರ್16 ಟೈರು ಎಂಟೂವರೆ, ಒಂಬತ್ತು. ಒಟ್ಟು 18. ನಾಲ್ಕು ಚಕ್ರಕ್ಕೆ 20 ಕೆ.ಜಿ. ಜಾಸ್ತಿ, ಅದೂ ಸ್ಪ್ರಿಂಗಿನ ಕೆಳಗೆ, ಅದೂ ತಿರುಗೋ ಭಾಗದಲ್ಲಿ. ಎರಡರ ಹೊರವ್ಯಾಸವೂ 620 ಮಿ.ಮೀ. ಹತ್ತಿರವೇ, ಆದ್ದರಿಂದ ಸ್ಪೀಡೋಮೀಟರ್ ಸರಿ ಇರುತ್ತೆ, ಗಾಡಿ ಮಾತ್ರ ಸೋಮಾರಿಯಾಗುತ್ತೆ. ಕಾತ್ರಜ್ ಬೈಪಾಸಿನ ಗುಂಡಿಗೆ ಬಿದ್ದಾಗ ಭಾರದ ಚಕ್ರ ಬೇಗ ಮೇಲೇಳೋದಿಲ್ಲ, ಪೆಟ್ಟು ಶಾಕ್ ಅಬ್ಸಾರ್ಬರಿನ ಬುಷ್‌ಗೆ ಬರುತ್ತೆ.

ಅಲಾಯ್ ಅಂದ ತಕ್ಷಣ ಹಗುರ ಅನ್ನೋದು ತಪ್ಪು ತಿಳಿವಳಿಕೆ. ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಹಗುರ, ಹೌದು, ಆದರೆ ಎರಕದ್ದು ಗಟ್ಟಿಯಾಗಿರಲಿ ಅಂತ ದಪ್ಪ ಹಾಕ್ತಾರೆ. ನಿಜವಾಗಿ ಹಗುರ ಬೇಕಿದ್ದರೆ ಫ್ಲೋ ಫಾರ್ಮ್ (ಎರಕ ಹೊಯ್ದ ಮೇಲೆ ಉರುಳೆಯಿಂದ ಒತ್ತಿ ತೆಳ್ಳಗೆ ಮಾಡಿದ್ದು) ಇಲ್ಲವೇ ಫೋರ್ಜ್ (ಗಟ್ಟಿ ಲೋಹವನ್ನೇ ಒತ್ತಿ ರೂಪ ಕೊಟ್ಟದ್ದು) ಮಾಡಿದ್ದು. 14 ಇಂಚಿನಲ್ಲೇ ಹುಡುಕಿದರೆ 5–5.5 ಕೆ.ಜಿ.ಯದ್ದು ಸಿಗಬಹುದು, ಉಳಿತಾಯ ಚಕ್ರಕ್ಕೆ 1 ಕೆ.ಜಿ. ಮಾತ್ರ. ಕೊಳ್ಳುವುದೇ ಆದರೆ ಇಷ್ಟು ನೋಡಿ: ಪಿಸಿಡಿ 4x100 (ನಾಲ್ಕು ಬೋಲ್ಟ್ ತೂತು, ಅವು ಕೂರೋ ವೃತ್ತದ ವ್ಯಾಸ 100 ಮಿ.ಮೀ.), ನಡುತೂತು 54.1 ಮಿ.ಮೀ. ಇಲ್ಲವೇ ದೊಡ್ಡದಿದ್ದರೆ ಅಳತೆಯ ರಿಂಗ್ ಜೊತೆಗೆ, ನಟ್ಟು ಎಂ12x1.25, ರಿಮ್ ಒಳಗೆ ಜಪಾನಿನ ಗುಣಮಟ್ಟದ ಜೆಡಬ್ಲ್ಯೂಎಲ್ ಅಚ್ಚು. ಆ ರಿಂಗ್ ಇಲ್ಲದೆ ಕೂರಿಸಿದರೆ 80ರ ಮೇಲೆ ಸ್ಟೇರಿಂಗ್ ನಡುಗುತ್ತೆ, ಆಮೇಲೆ ಎಷ್ಟು ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗಲ್ಲ.

ಟೈರಿನಲ್ಲೂ ಹಗುರ ಹುಡುಕ್ತಾ ಲೋಡ್ ಇಂಡೆಕ್ಸ್ ಇಳಿಸಬೇಡಿ. ಟೈರಿನ ಪಕ್ಕದಲ್ಲಿ 85 ಅಂತಿದ್ದರೆ ಒಂದು ಟೈರು 515 ಕೆ.ಜಿ. ಹೊರುತ್ತೆ, 82 ಇದ್ದರೆ 475. ನಾಲ್ಕು ಜನ, ಡಿಕ್ಕಿ ತುಂಬ ಜೋಳದ ಚೀಲ ಹಾಕಿಕೊಂಡು ಊರಿಂದ ವಾಪಸ್ ಬರುವಾಗ ಆ ಅಂತರ ಬೇಕಾಗುತ್ತೆ. ನನ್ನ ಕೇಳಿದರೆ 14ರ ಕಬ್ಬಿಣದ್ದೇ ಇರಲಿ. ಗುಂಡಿಗೆ ಬಿದ್ದು ಸೊಟ್ಟಗಾದರೆ ಯಾವ ಊರಲ್ಲಾದರೂ ಬಡಿದು ಸರಿ ಮಾಡ್ತಾರೆ. ಅಲಾಯ್ ಬಿರುಕು ಬಿಡುತ್ತೆ, ವೆಲ್ಡ್ ಮಾಡಿಸಿಕೊಂಡು ಹೈವೇಗೆ ಹೋಗೋದು ಬೇಡ.

ಚೋರ್ಲಾ ಚಾಲಕ:

ಗೋವಾದಿಂದ ಒಂದು ಮಾತು ಸೇರಿಸ್ತೇನೆ. ಇಲ್ಲಿಯವರೆಗೆ ಯಾರೂ ನೀರಿನ ಸುದ್ದಿ ತೆಗೆಯಲಿಲ್ಲ. ಕೊಂಕಣದಲ್ಲಿ, ಮುಂಬೈಯಲ್ಲಿ ಮಳೆಗಾಲ ಕಳೆದ ಗಾಡಿ ಐದಾರು ಲೀಟರ್ ನೀರು ಹೊತ್ತುಕೊಂಡು ತಿರುಗುವುದು ಅಪರೂಪವಲ್ಲ, ಪುಣೆಯ ಗಾಡಿಯಲ್ಲೂ ಆಗ್ತದೆ. ಕಾರ್ಪೆಟ್ ಅಡಿಗೆ ದಪ್ಪ ಫೆಲ್ಟ್ ಇರ್ತದೆ, ಅದು ಸ್ಪಂಜಿನಂತೆ ಹೀರಿಕೊಳ್ತದೆ. ಮೇಲೆ 7ಡಿ ಮ್ಯಾಟು ಮುಚ್ಚಿದ್ದರೆ ಆರುವ ದಾರಿಯೇ ಇಲ್ಲ. ಲೀಟರಿಗೊಂದು ಕೆ.ಜಿ.

ಮ್ಯಾಟು ಎತ್ತಿ, ಮುಂದಿನ ಎಡಬದಿಯ ಕಾಲಿನ ಜಾಗದಲ್ಲಿ ಅಂಗೈ ಊರಿ ಒತ್ತಿ. ಮೇಲೆ ಒಣಗಿದ್ದರೂ ಒಳಗಿಂದ ತಂಪು ಬರ್ತದೆ. ಎಸಿ ಹಾಕಿ ನಿಲ್ಲಿಸಿದಾಗ ಗಾಡಿಯ ಅಡಿ ನೀರು ತೊಟ್ಟಿಕ್ಕುತ್ತಿಲ್ಲ ಅಂದರೆ ಎಸಿಯ ನೀರಿಳಿಯುವ ಪೈಪು ಕಟ್ಟಿಕೊಂಡಿದೆ, ಆ ನೀರೇ ಒಳಗೆ ಬರ್ತಿದೆ. ಅಡಿಯಿಂದ ಪೈಪಿನ ಬಾಯಿ ಹುಡುಕಿ ಮೆತ್ತಗಿನ ನೈಲಾನ್ ದಾರ ಹಾಕಿ ಬಿಡಿಸಿ. ಕಂಪ್ರೆಸರ್ ಗಾಳಿ ಜೋರಾಗಿ ಹೊಡೆದರೆ ಒಳಗೆ ಪೈಪು ಕಳಚಿಕೊಳ್ತದೆ, ಆಮೇಲೆ ಡ್ಯಾಶ್‌ಬೋರ್ಡ್ ಬಿಚ್ಚಬೇಕು. ಮುಂದಿನ ಗಾಜಿನ ಬುಡದಲ್ಲಿ ವೈಪರಿನ ಅಡಿ ಎಲೆ ಕೊಳೆತು ನೀರಿನ ದಾರಿ ಮುಚ್ಚಿರ್ತದೆ, ಅದನ್ನು ಕೈಯಿಂದ ತೆಗೀರಿ. ಬಾಗಿಲುಗಳ ಕೆಳ ಅಂಚಿನಲ್ಲಿ ತೂತುಗಳುಂಟು, ಹಲ್ಲುಕಡ್ಡಿಗಿಂತ ಸ್ವಲ್ಪ ದಪ್ಪದ ಕಡ್ಡಿ ಆಡಿಸಿ. ಡ್ಯಾಂಪಿಂಗ್ ಹಾಕಿದವರು ಆ ತೂತುಗಳನ್ನೇ ಮುಚ್ಚಿಬಿಟ್ಟಿರ್ತಾರೆ, ಬಾಗಿಲು ಅಲ್ಲಾಡಿಸಿದರೆ ಗುಳುಗುಳು ಶಬ್ದ ಬಂದರೆ ಅದೇ.

ಒದ್ದೆಯಿದ್ದರೆ ಸೀಟು ಬಿಚ್ಚದೆ ಆರುವುದಿಲ್ಲ. ಇಗ್ನಿಷನ್ ಆಫ್, ಬ್ಯಾಟರಿ ಮೈನಸ್ ತೆಗೆದು ಐದು ನಿಮಿಷ ಕಾಯಿರಿ, ಸೀಟಿನ ನಾಲ್ಕು ಬೋಲ್ಟು ತೆಗೀರಿ, ಅಡಿಯ ಕನೆಕ್ಟರ್ ಬಿಡಿಸಿ. ಕನೆಕ್ಟರ್ ಬಿಟ್ಟಿರುವಾಗ ಇಗ್ನಿಷನ್ ಆನ್ ಮಾಡಿದರೆ ಏರ್‌ಬ್ಯಾಗ್ ದೀಪ ಹತ್ತಿ ಕೂತುಬಿಡ್ತದೆ, ಸ್ಕ್ಯಾನರ್ ಬೇಕಾಗ್ತದೆ. ಕಾರ್ಪೆಟ್ ಅಡಿಗೆ ಮರದ ತುಂಡು ಕೊಟ್ಟು ಎತ್ತಿ, ನಿಲ್ಲಿಸುವ ಫ್ಯಾನು ಎರಡು ದಿನ. ಸಿಲಿಕಾ ಪೊಟ್ಟಣ ಇಟ್ಟರೆ ಏನೂ ಆಗುವುದಿಲ್ಲ.

ಮಡ್‌ಗಾರ್ಡಿನ ಒಳಗೆ ಚಿರೆಕಲ್ಲಿನ ಕೆಂಪು ಮಣ್ಣು ಗಟ್ಟಿಯಾಗಿ ಕೂತಿರ್ತದೆ, ಅದೂ ಒಂದೆರಡು ಕೆ.ಜಿ. ಪ್ರೆಷರ್ ವಾಷರಿನಲ್ಲಿ ಹೋಗ್ತದೆ. ಆದರೆ ಅಡಿಯ ಡಾಂಬರು ಕೋಟಿಂಗ್ ಮಾತ್ರ ತೂಕವೆಂದು ಕೆರೆಯಬೇಡಿ. ಸಮುದ್ರದ ಗಾಳಿಯ ಊರಲ್ಲಿ ಅದು ತೆಗೆದ ವರ್ಷವೇ ತಗಡು ತಿನ್ನಲು ಶುರು.

ಠಾಣೆ ಮಾವ:

ನಡುವೆ ಬಾಯಿ ಹಾಕ್ತೇನೆ. ಕಂಪನಿಯಿಂದಲೇ ಸಿಎನ್‌ಜಿ ಬಂದ ಗಾಡಿಯಾದರೆ? ಸಿಲಿಂಡರೇ ದೊಡ್ಡ ಭಾರ ಅಲ್ವಾ?

ಕುರ್ಲಾ ಸ್ಪ್ಯಾನರ್:

ಹೌದು ಮಾವ, 60 ಲೀಟರಿನ ಉಕ್ಕಿನ ಸಿಲಿಂಡರು ಖಾಲಿಯೇ 60 ಕೆ.ಜಿ. ಹತ್ತಿರ ಉಂಟು, ಗ್ಯಾಸು ತುಂಬಿದರೆ ಮೇಲೆ ಎಂಟೊಂಬತ್ತು. ಆದರೆ ಅದನ್ನು ಮುಟ್ಟುವ ಹಾಗಿಲ್ಲ. ಸಿಲಿಂಡರಿನ ನಂಬರು ಪತ್ರದಲ್ಲಿರ್ತದೆ, ಮೂರು ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟು ಅದೇ ನಂಬರಿಗೆ. ಹಿಂದಿನ ಸ್ಪ್ರಿಂಗನ್ನು ಕಂಪನಿ ಆ ಭಾರಕ್ಕೆ ತಕ್ಕಂತೆ ಕೊಟ್ಟಿರ್ತದೆ. ಸಿಎನ್‌ಜಿಯಲ್ಲಿ ತೂಕದ ಚಿಂತೆ ಬಿಡಿ, ಇಂಧನದ ಬೆಲೆಯಲ್ಲೇ ಅದಕ್ಕಿಂತ ಜಾಸ್ತಿ ಉಳಿಸ್ತಾ ಇದ್ದೀರಿ. ಪೆಟ್ರೋಲ್ ಟ್ಯಾಂಕ್ ಮಾತ್ರ ಸದಾ ತುಂಬಿಸಿಡಬೇಡಿ, ಅರ್ಧ ಸಾಕು.

ಹಡಪ್ಸರ್ ಗಾಡಿ:

ಹಂಗಾರ ನಾನೂ ಅರ್ಧ ಟ್ಯಾಂಕ್ ಹಾಕ್ಸಿದ್ರ ಹೆಂಗ?

ಲೆಕ್ಕದ ಮೇಷ್ಟ್ರು:

ನಿಮ್ಮ ಟ್ಯಾಂಕು 37 ಲೀಟರ್, ತುಂಬಿದರೆ ಪೆಟ್ರೋಲು 27–28 ಕೆ.ಜಿ. ಆದರೆ ತುಂಬಿಸಿದವರ ಟ್ಯಾಂಕೂ ದಿನ ಕಳೆದಂತೆ ಇಳಿಯುತ್ತಲ್ಲ. ಸರಾಸರಿ ನೋಡಿದರೆ ಅರ್ಧ ತುಂಬಿಸೋದರಿಂದ ಉಳಿಯೋದು 7 ಕೆ.ಜಿ. ಅದಕ್ಕಾಗಿ ಪಂಪಿನ ಸಾಲಲ್ಲಿ ಎರಡು ಪಟ್ಟು ಸಲ ನಿಲ್ಲಬೇಕು. ಕಾಲು ಟ್ಯಾಂಕಿಗಿಂತ ಕೆಳಗೆ ಓಡಿಸೋ ಚಾಳಿ ಬಿದ್ದರೆ ಇನ್ನೂ ಕೆಟ್ಟದ್ದು, ಟ್ಯಾಂಕಿನೊಳಗಿನ ಪಂಪು ತಣ್ಣಗಿರೋದೇ ಪೆಟ್ರೋಲಿನಿಂದ.

ಪಿಂಪ್ರಿ ಪಿಸ್ಟನ್:

ಇನ್ನು ಸ್ಟೆಪ್ನಿ. ಚಕ್ರ 13, ಜಾಕು ಪಾನಾ ಸೇರಿ 16 ಕೆ.ಜಿ. ಟ್ಯೂಬ್‌ಲೆಸ್ ಟೈರು, ಹವಾ ಒತ್ತಡ ತೋರಿಸೋ ಟಿಪಿಎಂಎಸ್, ಪಂಚರ್ ಕಿಟ್ ಮೂರೂ ಇರೋ 3.5 ಟನ್ ಒಳಗಿನ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯ ಅಲ್ಲ ಅಂತ 2020ರಲ್ಲಿ ನಿಯಮ ಬಂತು. ನಿಮ್ಮ ಗಾಡಿಯಲ್ಲಿ ಕಂಪನಿಯ ಟಿಪಿಎಂಎಸ್ ಇಲ್ಲ, ಅದು ಗಮನದಲ್ಲಿರಲಿ.

ಪಂಚರ್ ಕಿಟ್ ಆಗೋದು ಟೈರಿನ ಅಟ್ಟೆಯಲ್ಲಿ ಮೊಳೆ ಚುಚ್ಚಿದ್ದಕ್ಕೆ, 6 ಮಿ.ಮೀ.ವರೆಗೆ. ಗುಂಡಿಯ ಅಂಚಿಗೆ ಬಡಿದು ಪಕ್ಕದ ಗೋಡೆ ಹರಿದರೆ ಯಾವ ಕಿಟ್ಟೂ ಆಗಲ್ಲ. ನಮ್ಮ ರಸ್ತೆಯಲ್ಲಿ ಮಳೆಗಾಲಕ್ಕೆ ಆಗೋದೇ ಎರಡನೇದು. ಆದ್ದರಿಂದ ಹಿಂಜೆವಾಡಿ ದಾರಿಗೇ ಆಗಲಿ, ಸೊಲ್ಲಾಪುರ ದಾರಿಗೇ ಆಗಲಿ, ಸ್ಟೆಪ್ನಿ ಇಟ್ಟುಕೊಳ್ಳಿ ಅನ್ನೋದು ನನ್ನ ಅಭಿಪ್ರಾಯ. ನೀವು ಒಪ್ಪದೆ ವಾರದ ದಿನಗಳಿಗೆ ತೆಗೆದಿಟ್ಟರೆ, ಸ್ಟೆಪ್ನಿ ಕೂರೋ ಗುಳಿಯ ನಡುವಿನ ತಿರುಪು ಬೋಲ್ಟನ್ನ ಕಳೆದುಕೊಳ್ಳಬೇಡಿ, ಜಾಕನ್ನ ಸಡಿಲ ಬಿಡಬೇಡಿ. ಜೋರಾಗಿ ಬ್ರೇಕ್ ಹೊಡೆದಾಗ ಎರಡು ಕೆ.ಜಿ. ಕಬ್ಬಿಣ ಡಿಕ್ಕಿಯಲ್ಲಿ ಹಾರಾಡಬಾರದು. ಡಬ್ಬಿಯ ಸೀಲಂಟ್ ಬೇಡ, ಬಿಸಿಲಿಗೆ ಬೇಗ ಕೆಡುತ್ತೆ, ಪಂಚರ್ ಅಂಗಡಿಯವನು ಆ ಅಂಟು ತೊಳೀತಾ ನಿಮ್ಮನ್ನ ಬೈತಾನೆ. ತೂತಿಗೆ ರಬ್ಬರ್ ಬತ್ತಿ ತುರುಕೋ ಕಿಟ್ಟು, 12 ವೋಲ್ಟಿನ ಚಿಕ್ಕ ಕಂಪ್ರೆಸರು, ಎರಡೂ ಸೇರಿ ಒಂದೂವರೆ ಕೆ.ಜಿ.

ದಾದರ್ ಡಿಸ್ಕ್‌ಬ್ರೇಕ್:

ಲಿಥಿಯಂ ಬ್ಯಾಟರಿ ಬಗ್ಗೆ. ಈಗಿನ ಸೀಸದ್ದು ಹತ್ತು ಕೆ.ಜಿ. ಹತ್ತಿರ, ಲಿಥಿಯಂ ಐರನ್ ಫಾಸ್ಫೇಟ್ ಮೂರು. ಏಳು ಕೆ.ಜಿ. ಲಾಭಕ್ಕೆ ಬೆಲೆ ಹಲವು ಪಟ್ಟು. ಅದು ಹೋಗಲಿ, ಎಂಜಿನ್ ಪಕ್ಕದಲ್ಲೇ ಕೂರುತ್ತೆ. ಏಪ್ರಿಲ್ ಬಿಸಿಲಲ್ಲಿ ಟ್ರಾಫಿಕ್ಕಿನಲ್ಲಿ ನಿಂತಾಗ ಬಾನೆಟ್ ಅಡಿಯ ಬಿಸಿಗೆ ಒಳಗಿನ ರಕ್ಷಣಾ ಸರ್ಕ್ಯೂಟು ಬ್ಯಾಟರಿಯನ್ನ ಕಟ್ ಮಾಡಬಹುದು. ಎಂಜಿನ್ ಓಡ್ತಿರುವಾಗ ಬ್ಯಾಟರಿ ತಟ್ಟನೆ ಕಳಚಿಕೊಂಡರೆ ಆಲ್ಟರ್ನೇಟರಿನ ವೋಲ್ಟೇಜ್ ಜಿಗಿಯುತ್ತೆ, ಏಟು ಎಂಜಿನ್ನಿನ ಕಂಪ್ಯೂಟರು ಇಸಿಎಂಗೆ. ಬೇಡ.

ಫೈಬರ್ ಬಾನೆಟ್ಟೂ ಬೇಡ. ಕಂಪನಿ ಬಾನೆಟ್ಟು ಡಿಕ್ಕಿ ಹೊಡೆದಾಗ ನಡುವೆ ಮಡಚಿಕೊಳ್ಳೋ ಹಾಗೆ ಒಳಚೌಕಟ್ಟು ಮಾಡಿರುತ್ತಾರೆ. ಫೈಬರಿನದ್ದು ಚೂಪು ಚೂರುಗಳಾಗಿ ಒಡೆಯುತ್ತೆ. ಲಾಕಿನ ಕೊಕ್ಕೆ ಬರೀ ಫೈಬರಿನಲ್ಲಿ ಹಿಡಿದಿದ್ದರೆ ಎಕ್ಸ್‌ಪ್ರೆಸ್‌ವೇ ಗಾಳಿಗೆ ಕಿತ್ತು ಗಾಜಿನ ಮೇಲೆ ಬರುತ್ತೆ. ಕಾರ್ಬನ್ ಅಂತ ಮಾರೋ ಅಗ್ಗದ್ದು ಫೈಬರಿನ ಮೇಲೊಂದು ಪದರ ಕಾರ್ಬನ್ ಬಟ್ಟೆ ಅಷ್ಟೆ, ಹಗುರ ಅಲ್ಲ.

ಹಿಂದಿನ ಸೀಟು ಸ್ವಲ್ಪ ಬಿಡಿಸಿ ಹೇಳಬೇಕು. ಕೂರೋ ಭಾಗ, ಬೆನ್ನು ಸೇರಿ 18–20 ಕೆ.ಜಿ. ಬರಬಹುದು. ತೆಗೆದರೆ ಮೂರು ತೊಂದರೆ. ಸೀಟಿನ ಬೆನ್ನು ಡಿಕ್ಕಿಯ ಸಾಮಾನು ಮುಂದೆ ಬರದಂತೆ ತಡೆಯೋ ಗೋಡೆ, ಅದಿಲ್ಲದೆ ಬ್ರೇಕ್ ಹೊಡೆದರೆ ಸಾಮಾನು ನಿಮ್ಮ ಕತ್ತಿಗೆ. ಕೂರೋ ಭಾಗದ ಅಡಿಯಲ್ಲೇ ಪೆಟ್ರೋಲ್ ಟ್ಯಾಂಕು ಮತ್ತು ಪಂಪಿನ ಮುಚ್ಚಳ, ಶಬ್ದ ಸೀದಾ ಒಳಗೆ. ಮೂರನೇದು ಕಾನೂನು. ಆರ್‌ಸಿಯಲ್ಲಿ ಐದು ಸೀಟು ಅಂತಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾದ ಬದಲಾವಣೆಗೆ ಅಡ್ಡಿ ಹೇಳುತ್ತೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹಿಡಿದಿದೆ. 182ಎ(4)ರಲ್ಲಿ ಒಂದೊಂದು ಬದಲಾವಣೆಗೆ 5,000 ರೂ. ದಂಡ, ಆರು ತಿಂಗಳವರೆಗೆ ಜೈಲೂ ಇದೆ. ಅಪಘಾತವಾದರೆ ಇನ್ಶೂರೆನ್ಸ್ ಸರ್ವೇಯರ್ ಮೊದಲು ನೋಡೋದೂ ಇದನ್ನೇ.

ಸೈಲೆನ್ಸರ್ ಬದಲಿಸಿ ಎರಡು ಮೂರು ಕೆ.ಜಿ., ಹಗುರ ಫ್ಲೈವೀಲ್‌ನಿಂದ (ಎಂಜಿನ್ ಓಟ ಸಮ ಇಡೋ ಭಾರದ ಗಾಲಿ) ಇನ್ನೆರಡು ಅಂತ ಯಾರಾದರೂ ಹೇಳೋ ಮೊದಲೇ ಹೇಳ್ತೀನಿ: ಫ್ಲೈವೀಲ್ ಹಗುರಾದರೆ ಸಿಗ್ನಲ್ಲಿನಲ್ಲಿ ಕ್ಲಚ್ ಬಿಡುವಾಗ ಎಂಜಿನ್ ಪದೇ ಪದೇ ಆಫ್ ಆಗುತ್ತೆ, ಚೆಕ್ ಎಂಜಿನ್ ದೀಪವೂ ಬರಬಹುದು. ಟ್ರ್ಯಾಕ್ ಗಾಡಿಗೆ ಸರಿ, ಸ್ವಾರಗೇಟ್ ಚೌಕಕ್ಕಲ್ಲ.

ಹಡಪ್ಸರ್ ಗಾಡಿ:

ಎಲ್ಲಾ ತಿಳೀತ್ರಿ. ನನ್ನ ಪಟ್ಟಿ ಪೂರಾ ಕ್ಯಾನ್ಸಲ್, ನಿಮ್ಮ ಪಟ್ಟಿ ಹಿಡ್ಕೊಂಡು ಈ ಶನಿವಾರ ಗಾರ್ಡು, ವೂಫರು, ಮ್ಯಾಟು. ಮುಂದಿನ ವಾರ ಶೀಟು. ಡಿಕ್ಕಿದಾಗ 20 ಲೀಟರ್ ನೀರಿನ ಕ್ಯಾನ್ ಇರ್ತದ, ಅದೂ ಹೊರಗ. ಬಿಚ್ಚಿದ ಮ್ಯಾಲೆ ಗಾಡಿದಾಗ ಏನಾರ ಸೆಟ್ಟಿಂಗ್ ಮಾಡ್ಬೇಕೇನು?

ದಾದರ್ ಡಿಸ್ಕ್‌ಬ್ರೇಕ್:

ಹೆಡ್‌ಲೈಟ್. ಡಿಕ್ಕಿಯಿಂದ ಮೂವತ್ತು ನಲವತ್ತು ಕೆ.ಜಿ. ಹೊರಗೆ ಬಂದರೆ ಹಿಂಭಾಗ 6ರಿಂದ 10 ಮಿ.ಮೀ. ಮೇಲೇಳುತ್ತೆ. ವ್ಹೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ, 2,450 ಮಿ.ಮೀ., ಹಿಂದೆ 8 ಮಿ.ಮೀ. ಎದ್ದರೆ ಹತ್ತು ಮೀಟರ್ ದೂರದಲ್ಲಿ ಬೆಳಕು 3 ಸೆಂ.ಮೀ.ಗೂ ಹೆಚ್ಚು ಕೆಳಗೆ ಬೀಳುತ್ತೆ. ಕೇಳೋಕೆ ಚಿಕ್ಕದು, ಆದರೆ ಡಿಮ್ ಲೈಟು 70 ಮೀಟರ್ ಮುಟ್ಟುತ್ತಿದ್ದದ್ದು 53ಕ್ಕೆ ಇಳಿಯುತ್ತೆ. ವೂಫರ್ ಭಾರಕ್ಕೆ ತಕ್ಕಂತೆ ಲೈಟನ್ನ ಹಿಂದೆ ಯಾರಾದರೂ ಇಳಿಸಿದ್ದರೆ ಇನ್ನೂ ಕೆಳಗೆ. ಸ್ಟೇರಿಂಗ್ ಬಲಗಡೆಯ ಲೆವೆಲ್ ಗುಂಡಿ ಸೊನ್ನೆಯಲ್ಲಿಡಿ. ಬಿಚ್ಚೋ ಮೊದಲೇ ಸಮತಟ್ಟು ಜಾಗದಲ್ಲಿ ಗೋಡೆಯಿಂದ 5 ಮೀಟರ್ ದೂರ ನಿಲ್ಲಿಸಿ ಬೆಳಕಿನ ಅಂಚಿಗೆ ಟೇಪು ಅಂಟಿಸಿ. ಬಿಚ್ಚಿದ ಮೇಲೆ ಅದೇ ಜಾಗದಲ್ಲಿ ನಿಲ್ಲಿಸಿದರೆ ಎಷ್ಟು ಇಳಿದಿದೆ ಕಾಣುತ್ತೆ, ಲೈಟಿನ ಹಿಂದಿನ ತಿರುಪಿನಿಂದ ಅಷ್ಟು ಎತ್ತಿ. ಆದರೆ ಅಂಚು ಲೈಟಿನ ನಡುಮಟ್ಟಕ್ಕಿಂತ 5 ಸೆಂ.ಮೀ. ಕೆಳಗಿರಲೇಬೇಕು, ಅದಕ್ಕಿಂತ ಮೇಲೆ ಹೋದರೆ ಎದುರಿನವರ ಕಣ್ಣಿಗೆ.

ಚೋರ್ಲಾ ಚಾಲಕ:

ಹವಾ ಕೂಡ. ವೂಫರ್ ಭಾರಕ್ಕೆಂದು ಹಿಂದಿನ ಟೈರಿಗೆ ಜಾಸ್ತಿ ಹೊಡೆಸಿದ್ದರೆ ಬಾಗಿಲ ಕಂಬದ ಸ್ಟಿಕ್ಕರಿನ ಅಂಕಿಗೆ ತನ್ನಿ. ಹಿಂಭಾಗ ಹಗುರಾಗಿ ಹವಾ ಜಾಸ್ತಿಯಿದ್ದರೆ ಮಳೆಯಲ್ಲಿ ಘಾಟ್ ಇಳಿಯುವಾಗ ಹಿಂದಿನ ಚಕ್ರ ಜಾರ್ತದೆ.

ಹಡಪ್ಸರ್ ಗಾಡಿ:

ಕಡೀದೊಂದು. ಚಾವಣಿಗೂ ಡ್ಯಾಂಪಿಂಗ್ ಹಾಕ್ಸೀನಿ, ಸುಮಾರು ಒಂದೂವರೆ ಚದರ ಮೀಟರ್. ಅದನ್ನ?

ಕುರ್ಲಾ ಸ್ಪ್ಯಾನರ್:

ಅದು ಬಿಡಿ. ಚಾವಣಿಯ ಬಟ್ಟೆ ಹಲಗೆ ಇಳಿಸುವಾಗ ನಡುವೆ ಮಡಚಿದರೆ ಗೆರೆ ಬಿದ್ದು ಹಾಗೇ ಉಳೀತದೆ, ಹೊಸದೇ ಹಾಕಿಸಬೇಕು. ಐದು ಕೆ.ಜಿ.ಗೆ ಅಷ್ಟೆಲ್ಲ ಬೇಡ ಮಾರಾಯ್ರೆ. ಮಳೆ ಸದ್ದಾದರೂ ಕಡಿಮೆ ಉಂಟಲ್ಲ.

ಪಿಂಪ್ರಿ ಪಿಸ್ಟನ್:

ಶನಿವಾರ ಬಿಚ್ಚೋ ಮೊದಲು ಕಾಟಾ ಚೀಟಿ ತೆಗೆಸಿ, ಬಿಚ್ಚಿದ ಮೇಲಿನದ್ದೂ ತೆಗೆಸಿ, ಎರಡೂ ಇಲ್ಲಿ ಹಾಕಿ. ಟ್ಯಾಂಕು ಎರಡೂ ಸಲ ಅದೇ ಮಟ್ಟಕ್ಕೆ.